ರುಜು ಇದ್ದರೆ ಚೀಟಿ ರದ್ದು

"ರುಜು ಇದೆ. ರದ್ದು."

ನಿವೃತ್ತ ಪ್ರಾಂಶುಪಾಲರು ಐದನೆಯ ಚೀಟಿಯನ್ನೂ ಬೋರಲು ಹಾಕಿದರು. ಮೇಜಿನ ಈ ತುದಿಯಲ್ಲಿ ಕೂತಿದ್ದ ರಸಾಯನಶಾಸ್ತ್ರದ ಮೇಡಂಗೆ ಒಳಗೊಳಗೇ ನಗು. ಸಿಕ್ಕಿಬಿದ್ದ, ಕಳ್ಳ!

ಅಧ್ಯಾಪಕರ ಸಂಘದ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತಿದ್ದರು. ಒಬ್ಬರು ಮೇಡಂ. ಇನ್ನೊಬ್ಬರು ಹದಿನೈದು ವರ್ಷದಿಂದ ಆ ಕುರ್ಚಿಯಲ್ಲೇ ಬೇರು ಬಿಟ್ಟಿದ್ದ ಹಾಲಿ ಅಧ್ಯಕ್ಷರು. ಎಬ್ಬಿಸಬೇಕಾದರೆ ಬಡಗಿಯನ್ನು ಕರೆಸಿ ಕೆತ್ತಿಸಬೇಕು. ಕಾಲೇಜಿಡೀ ಅವರಿಗೆ ಇಟ್ಟ ಹೆಸರು ಒದ್ದೆಗೈ. ಕಂಡವರ ಕೈ ಹಿಡಿದರೆ ಬಿಡುತ್ತಿರಲಿಲ್ಲ. ಬಿಟ್ಟ ಮೇಲೆ ಹಿಂಡಿದರೆ ಒಂದು ಬಿಂದಿಗೆ ಬೆವರು. ಒಮ್ಮೆ ಹಾಗೆ ಸಿಕ್ಕಿಕೊಂಡ ದಿನ ಮೇಡಂ ಮೂರು ಸಲ ಸೋಪು ಹಚ್ಚಿ ತೊಳೆದು, ನಾಲ್ಕನೆಯ ಸಲ ಪ್ರಯೋಗಾಲಯದ ಸ್ಪಿರಿಟ್ಟಿನಲ್ಲಿ ಅದ್ದಿದ್ದರು. ಬೆವರಿನ ಮೇಲೆ ಸೆಂಟು, ಸೆಂಟಿನ ಮೇಲೆ ನಗು.

ಹೇಸಿಗೆ ಬರೀ ಕೈಯದಲ್ಲ. ಹನ್ನೊಂದು ಜನ ತಾತ್ಕಾಲಿಕ ಅಧ್ಯಾಪಕರನ್ನು ತಿಂಗಳ ಕೊನೆಗೆ ಮನೆಗೆ ಕಳಿಸುವ ಪಟ್ಟಿ ಆಡಳಿತ ಮಂಡಳಿಯ ಮುಂದಿತ್ತು. ಸಂಘದ ಅಧ್ಯಕ್ಷರು ಹೂಂ ಅಂದರೆ ಮುಗಿಯಿತು. ಗೆದ್ದ ಮರುದಿನವೇ ಹೂಂ ಅನ್ನುವುದಾಗಿ ಒದ್ದೆಗೈ ಮಾತು ಕೊಟ್ಟಾಗಿತ್ತು. ಆ ಹನ್ನೊಂದರಲ್ಲಿ ಮೇಡಂ ಅವರ ನಾದಿನಿಯೂ ಒಬ್ಬಳು.

"ಅತ್ತಿಗೆ, ಗೆಲ್ತೀರಲ್ವಾ? ಇಲ್ಲಾಂದ್ರೆ ಈಗ್ಲೇ ಹೇಳ್ಬಿಡಿ, ಬೇರೆ ಕೆಲಸ ಹುಡುಕ್ತೀನಿ," ಎಂದಿದ್ದಳು ಬೆಳಿಗ್ಗೆ.

"ಸುಮ್ನೆ ತಿಂಡಿ ತಿನ್ನೇ. ಅರವತ್ತರಲ್ಲಿ ನಲವತ್ತೈದು ಜನ ನಮ್ಮೋರು. ಆ ಮನುಷ್ಯನ ಹಿಂದೆ ಇರೋದು ಹದಿನೈದು ಸೋಮಾರಿಗಳು."

ಅದು ನಿಜ. ಪ್ರತಿ ವರ್ಷ ಸೊಂಟನೋವು, ಕಣ್ಣುನೋವು, ಇಲ್ಲದ ನೋವಿಗೆಲ್ಲ ವೈದ್ಯರ ಪತ್ರ ತಂದು ಮೌಲ್ಯಮಾಪನ ತಪ್ಪಿಸಿಕೊಳ್ಳುವ ಹದಿನೈದು ಜನ ಒದ್ದೆಗೈಯವರ ಸುತ್ತ ನೊಣದಂತೆ ಮುತ್ತಿದ್ದರು. ಉತ್ತರಪತ್ರಿಕೆ ತಿದ್ದಿ ತಿದ್ದಿ ಕತ್ತು ಮುರಿದುಕೊಂಡವರೆಲ್ಲ ಮೇಡಂ ಕಡೆ.

ಹಾಗಾದರೆ ಇಷ್ಟು ವರ್ಷ ಒದ್ದೆಗೈ ಗೆದ್ದದ್ದು ಹೇಗೆ? ಹೆದರಿಸಿ. ಪ್ರತಿಯೊಬ್ಬರೂ ಮತಚೀಟಿಯ ಮೇಲೆ ರುಜು ಹಾಕಬೇಕು ಅನ್ನುವುದು ಅವರ ಗುಟ್ಟಿನ ಅಪ್ಪಣೆ. ಆಮೇಲೆ ಕೂತು ಚೀಟಿ ಚೀಟಿ ನೋಡುವುದು. ರುಜು ಸಿಗದವರಿಗೆ ಬೆಳಗಿನ ಏಳರ ತರಗತಿ, ಸಂಜೆ ಐದರ ತರಗತಿ, ನಡುವೆ ಇಡೀ ದಿನ ಗೋಡೆ ನೋಡುವ ಶಿಕ್ಷೆ. ಇದು ತಿಳಿದ ದಿನವೇ ಮೇಡಂ ಸಭೆಯಲ್ಲಿ ಎದ್ದು ನಿಂತು ಹೊಸ ನಿಯಮ ಬರೆಸಿದ್ದರು: ರುಜು ಇದ್ದರೆ ಚೀಟಿ ರದ್ದು. ರದ್ದಾದ ಚೀಟಿ ಯಾರಿಗೆ ಬಿದ್ದದ್ದೆಂದು ಎಣಿಸುವವರು ಬಾಯಿ ಬಿಡಕೂಡದು.

ಈ ಸಲದ ಮತದಾನ ಮೌಲ್ಯಮಾಪನದ ವಾರದಲ್ಲೇ ಬಿತ್ತು. ಮೇಡಂ ತಾವೂ ಮೂವತ್ತು ಪತ್ರಿಕೆ ತಿದ್ದಿ ಎದ್ದು, ಮೇಜಿನಿಂದ ಮೇಜಿಗೆ ಓಡಾಡಿ ಎಲ್ಲರನ್ನೂ ಹೊರಡಿಸಿದರು. "ಊಟ ಆಮೇಲೆ. ಮೊದ್ಲು ಮತ. ಹಾಗೇ ಬನ್ನಿ!"

"ಒಂದು ವಾರದಿಂದ ತಲೆ ಖಾಲಿ ಮೇಡಂ," ಎಂದು ಗೊಣಗಿದರು ಗಣಿತದ ಮೇಷ್ಟ್ರು. "ಕೈ ಮಾತ್ರ ಅದರ ಪಾಡಿಗೆ ಓಡ್ತಿದೆ."

"ಕೈ ಇದ್ರೆ ಸಾಕು ಬನ್ನಿ ಸರ್. ತಲೆ ಕಟ್ಕೊಂಡು ನನಗೇನಾಗ್ಬೇಕು?"

ಬೆರಳಿಗೆ ಕೆಂಪು ಶಾಯಿ ಮೆತ್ತಿಕೊಂಡೇ ನಲವತ್ತೈದು ಜನ ಬಂದರು, ಮಡಿಸಿದರು, ಪೆಟ್ಟಿಗೆಗೆ ಹಾಕಿದರು.

ಎಣಿಕೆಯ ಕೋಣೆಯಲ್ಲಿ ಮೂವರೇ. ಪ್ರಾಂಶುಪಾಲರ ಎಡಕ್ಕೊಂದು, ಬಲಕ್ಕೊಂದು ಕುರ್ಚಿ. ಒದ್ದೆಗೈ ಒಂದರಲ್ಲಿ ಕೂತು ಇನ್ನೊಂದನ್ನು ಅಂಗೈಯಿಂದಲೇ ಒರೆಸಿ, "ಬನ್ನಿ ಮೇಡಂ, ಹತ್ರ ಕೂತ್ಕೊಳ್ಳಿ, ಚೆನ್ನಾಗಿ ಕಾಣತ್ತೆ," ಎಂದರು. ಕುರ್ಚಿಯ ಮೇಲೆ ಐದು ಬೆರಳಿನ ಒದ್ದೆ ಗುರುತು. ಮೇಡಂ ಸೆರಗಿನಿಂದ ಮೂಗು ಮುಚ್ಚಿಕೊಂಡು ಉದ್ದ ಮೇಜಿನ ಈ ತುದಿಗೆ ಬಂದು ಕೂತರು. ಇನ್ನೂ ದೂರ ಹೋಗುತ್ತಿದ್ದರೇನೋ, ಗೋಡೆ ಅಡ್ಡ ಬಂತು.

"ರುಜು ಇದೆ. ರದ್ದು." ಹತ್ತಾಯಿತು. ಇಪ್ಪತ್ತಾಯಿತು. ಸೋಮಾರಿಗಳು ಹದಿನೈದೇ ಅಲ್ಲವೇ? ಹಾಗಾದರೆ ತನ್ನವರಲ್ಲೂ ಎಷ್ಟೋ ಜನ ಆ ಕೈಗೆ ಹೆದರಿ ಶರಣಾಗಿದ್ದಾರೆ! ಎದುರಿಗೆ ಹಲ್ಲು ಬಿಟ್ಟು, ಒಳಗೆ ಹೋಗಿ ರುಜು ಹಾಕಿ ಬಂದವರು. ಥೂ! ಬೀಳಲಿ, ಒಂದೊಂದೂ ಕಸಕ್ಕೆ ಬೀಳಲಿ.

ರಾಶಿ ಮೂವತ್ತು ದಾಟಿದಾಗ ಒದ್ದೆಗೈ ಚೀಟಿಗಳ ಮೇಲಿಂದ ಕಣ್ಣೆತ್ತಿ ಕೈ ಜೋಡಿಸಿದರು.

"ಮೇಡಂ, ಇಷ್ಟು ಜನರ ಮತ ಹಾಳು ಮಾಡೋದಾ? ನನ್ನದೇನೂ ಅಡ್ಡಿಯಿಲ್ಲ, ಎಣಿಸ್ಬಿಡೋಣ."

"ಇಬ್ಬರೂ ಒಪ್ಪಿದ್ರೆ ಎಣಿಸಬಹುದಮ್ಮಾ," ಎಂದರು ಪ್ರಾಂಶುಪಾಲರು, ಯಾಕೋ ಮೇಡಂ ಮುಖವನ್ನೇ ನೋಡುತ್ತ. "ಯೋಚನೆ ಮಾಡಿ. ಇನ್ನೊಂದ್ಸಲ ಯೋಚನೆ ಮಾಡಿ."

"ಯೋಚನೆ ಯಾಕೆ ಸರ್? ನಿಯಮ ಅಂದ್ರೆ ನಿಯಮ. ಹೊಲಸು ಗುಡಿಸಿ ಆಚೆ ಹಾಕಿ."

"ಹಾಗಾದ್ರೆ ಬರೆದುಕೊಡಿ."

ಮೇಡಂ ಕೂತಲ್ಲೇ ಬರೆದು, ಹಾಳೆಯನ್ನು ಮೇಜಿನ ಮೇಲೆ ಜಾರಿಸಿದರು.

ಎಣಿಕೆ ಮುಗಿಯಿತು. ಪ್ರಾಂಶುಪಾಲರು ಕನ್ನಡಕ ತೆಗೆದರು. "ಅಧ್ಯಕ್ಷರಿಗೆ ಹದಿನೈದು. ಮೇಡಂಗೆ ಏಳು. ರದ್ದಾದದ್ದು ಮೂವತ್ತೆಂಟು."

ಮೇಡಂ ಎದ್ದು, ಆ ತುದಿಯವರೆಗೂ ನಡೆದು ಹೋಗಿ ರಾಶಿಯನ್ನು ಮಗುಚಿದರು. ಮೂವತ್ತೆಂಟು ಚೀಟಿಯಲ್ಲೂ ಅವರ ಹೆಸರಿನ ಮುಂದೆಯೇ ಕೆಂಪು ಗುರುತು, ಅದರ ಕೆಳಗೆ, ತಿದ್ದಿದ ಪ್ರತಿ ಪುಟಕ್ಕೂ ಹಾಕುವಂಥದೇ ಪುಟ್ಟ ರುಜು.

ಎಲ್ಲಕ್ಕಿಂತ ಮೇಲಿದ್ದದ್ದು ಮೇಡಂ ಅವರದೇ ಚೀಟಿ. ಅದಕ್ಕೆ ತಾರೀಖನ್ನೂ ಹಾಕಿದ್ದರು.