ಕರು ನೋಡಲು ಬಂದವನು

"ಕರುವಿಗೆ ಏನೂ ಆಗಿಲ್ಲ ಕಣವ್ವ, ಬುಡು," ಎನ್ನುತ್ತ ಚಿಕ್ಕಬೋರಯ್ಯ ಕರುವಿನ ಪಕ್ಕೆಯ ಮೇಲಿಂದ ಕೈ ತೆಗೆದ. ನಿಟ್ಟೂರಿನ ಸುತ್ತಮುತ್ತ ದನಕ್ಕೆ ಕೆಮ್ಮು ಬಂದರೆ ಜನ ಕರೆಸುತ್ತಿದ್ದುದು ಅವನನ್ನೇ. ಕರು ಎರಡು ಸಲ ಕೆಮ್ಮಿತೆಂದು ಕದರಮ್ಮ ಬೆಳಿಗ್ಗೆ ಎದ್ದವಳೇ ಹೇಳಿ ಕಳಿಸಿದ್ದಳು.

ಕೈ ತೊಳೆಯಲು ನೀರು ತಂದ ಸೊಸೆ ಶಶಿರೇಖಾಳ ಮುಖ ಬಾಡಿತ್ತು. ಹೆಗಲ ಮೇಲೆ ಆರು ತಿಂಗಳ ಕೂಸು. ಎರಡು ಸ್ವೆಟರು, ಕುಲಾವಿ, ಮೇಲೊಂದು ಶಾಲು; ಮೂಗಷ್ಟೇ ಕಾಣುತ್ತಿತ್ತು.

"ಮಗೀಗೇನಾಯ್ತವ್ವ?"

"ಮೂರು ದಿನದಿಂದ ಕೆಮ್ಮು ಕಣಣ್ಣ. ಇವತ್ತು ಹಾಲೂ ಕುಡೀತಿಲ್ಲ."

"ಅತ್ತೂ ಅತ್ತೂ ಈಗ ಸುಮ್ನಾಗೈತೆ. ವಾಸಿಯಾಯ್ತಾ ಐತೆ," ಎಂದಳು ಕದರಮ್ಮ.

ಚಿಕ್ಕಬೋರಯ್ಯ ಚೊಂಬು ಹಿಡಿದು ಹಾಗೇ ನಿಂತ. ಒಂದೊಂದು ಉಸಿರಿಗೂ ಕೂಸು ಸಣ್ಣಗೆ ನರಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳುತ್ತಿದ್ದವು.

"ಅಂಗಿ ಬಿಚ್ಚವ್ವ, ಒಂದ್ಸಲ ಪಕ್ಕೆ ನೋಡ್ತೀನಿ."

"ಏನ್ಲಾ ನೀನು! ಅಂಗಳದಲ್ಲಿ ಬತ್ತಲೆ ಮಾಡದಾ? ನರರ ಕಣ್ಣಿಗೆ ಮರವೇ ಸಿಡೀತದೆ." ಕದರಮ್ಮನಿಗೆ ಮೊಮ್ಮಗಳೆಂದರೆ ಪ್ರಾಣ. ಯಾರ ದೃಷ್ಟಿ ತಾಗೀತೋ ಎಂದು ಬಾಗಿಲು ಹಾಕಿಯೇ ನೀರು ಹಾಕುತ್ತಿದ್ದಳು. ಕೆಮ್ಮು ಬಂದ ಮೇಲೆ ಅದೂ ನಿಂತು, ಮೂರು ದಿನದಿಂದ ಆ ಅಂಗಿ ಬಿಚ್ಚಿರಲಿಲ್ಲ.

"ನಂದು ದನ ನೋಡೋ ಕಣ್ಣು ಕಣವ್ವೋ. ತಾಗಲ್ಲ."

ಶಶಿರೇಖಾ ಅತ್ತೆಯ ಮುಖ ನೋಡಲಿಲ್ಲ. ಮದುವೆಯಾದ ಮೇಲೆ ಮೊದಲ ಸಲ ಅವಳ ಮಾತು ಮೀರಿ, ಕೂಸನ್ನು ಜಗಲಿಯ ಮೇಲೆ ಮಲಗಿಸಿ ಗುಂಡಿ ಬಿಚ್ಚಿದಳು. ಮೂವರೂ ಬಗ್ಗಿದರು. ಉಸಿರು ಎಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದು, ಎದೆಯ ಕೆಳಭಾಗ ಒಳಕ್ಕೆ ಹೋಗುತ್ತಿತ್ತು.

"ಅಳಕ್ಕೂ ಉಸಿರಿಲ್ಲ ಕಣವ್ವ ಇದಕ್ಕೆ! ಅದಕ್ಕೇ ಸುಮ್ನಾಗೈತೆ. ಎತ್ಕೊ, ನಡಿ!" ಎಂದವನೇ ಚಿಕ್ಕಬೋರಯ್ಯ ರಸ್ತೆಗೆ ಓಡಿ, ಗುಬ್ಬಿ ಕಡೆ ಹೊರಟಿದ್ದ ಮೆಟಡಾರ್ ವ್ಯಾನಿಗೆ ಅಡ್ಡ ನಿಂತ.

ಆಸ್ಪತ್ರೆಯಲ್ಲಿ ಕೂಸಿನ ಮೂಗಿಗೆ ಆಕ್ಸಿಜನ್ ಕೊಳವೆ ಬಂತು, ಸೂಜಿ ಬಂತು. ಸಂಜೆ ಹೊತ್ತಿಗೆ ಉಸಿರಾಟ ಒಂದಿಷ್ಟು ಹದಕ್ಕೆ ಬಂದು, ಅದು ಜೋರಾಗಿ ಅತ್ತಿತು. ಆ ಅಳು ಕೇಳಿ ಶಶಿರೇಖಾಳೂ ಅತ್ತಳು.

"ಇನ್ನರ್ಧ ದಿನ ತಡ ಮಾಡಿದ್ರೆ ಕಷ್ಟ ಇತ್ತು," ಎಂದರು ಡಾಕ್ಟರು. "ಗುರುತು ಹಿಡಿದಿದ್ದು ಯಾರು?"

ಕದರಮ್ಮನ ಮಡಿಲಲ್ಲಿ ಎರಡೂ ಸ್ವೆಟರುಗಳಿದ್ದವು. ಬಾಗಿಲ ಬಳಿ ನಿಂತಿದ್ದ ಚಿಕ್ಕಬೋರಯ್ಯನತ್ತ ಕೈ ತೋರಿಸಿದಳು.

"ಇವ್ನು ಸಾಮಿ," ಎಂದಳು ತಲೆ ಎತ್ತದೆ. "ಕರು ನೋಡಕ್ಕೆ ಕರೆಸಿದ್ದೆ."