ಪಕ್ಕದಮನೆ ಕೊಟ್ಟ ಉತ್ತರ

ಮೇಷ್ಟ್ರು ಆ ಉತ್ತರವನ್ನು ಮತ್ತೊಮ್ಮೆ ಓದಿದರು. ಓದಿದಷ್ಟೂ ಹೊಟ್ಟೆ ಉರಿಯಿತು.

"ಬೆಕ್ಕು ಗೋಡೆಯೊಳಗೇ ನುಗ್ಗಿ ಹೋಗ್ತಿದೆಯಾ? ಬೆಕ್ಕನ್ನ ಬೈಬೇಡಿ. ನೀವು ಗೋಡೆಯ ಚಿತ್ರ ಬಿಡಿಸಿದ್ದೀರಿ, ಅಷ್ಟೆ. ನೀನು ಗೋಡೆ ಕಣಪ್ಪಾ, ಯಾರನ್ನೂ ಬಿಡಬೇಡ ಅಂತ ಅದಕ್ಕಿನ್ನೂ ಹೇಳಿಲ್ಲ."

ಕೆಳಗೆ ಒಂದೇ ಒಂದು ಸಾಲು ಕೋಡ್. ಬರೆದವರ ಹೆಸರು: ಪಕ್ಕದಮನೆ. ಅದರ ಕೆಳಗೆ ವಿದ್ಯಾರ್ಥಿಗಳ ಮೆಚ್ಚುಗೆಯ ಸುರಿಮಳೆ.

ಗ್ರಂಥಾಲಯದ ಮಹಡಿಯ ಹಾಲಿನಲ್ಲಿ ಮೇಷ್ಟ್ರು ಹೊಸಬರಿಗೆ ಕಂಪ್ಯೂಟರ್ ಆಟ ಮಾಡುವುದನ್ನು ಕಲಿಸುತ್ತಿದ್ದರು. ಎಲ್ಲರೂ ಸೇರಿ ಕಟ್ಟುವ ಒಂದೇ ಆಟ, ನೂರಾರು ಕೋಣೆಗಳ ದೊಡ್ಡ ಮನೆ. ಅದು ಓಪನ್ ಸೋರ್ಸ್. ಅಂದರೆ ಆಟದ ಒಳಗುಟ್ಟೆಲ್ಲ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟದ್ದು. ಯಾರು ಬೇಕಾದರೂ ನೋಡಬಹುದು, ತಪ್ಪು ತಿದ್ದಬಹುದು, ತಮ್ಮದೊಂದು ಕೋಣೆ ಕಟ್ಟಿ ಕಳಿಸಬಹುದು. ಮೇಷ್ಟ್ರು ಒಪ್ಪಿದರೆ ಆಟಕ್ಕೆ ಸೇರುತ್ತದೆ. ಬಾಗಿಲು ಎಲ್ಲರಿಗೂ ತೆರೆದಿರಬೇಕು ಎಂದು ಮೊದಲ ದಿನ ಭಾಷಣ ಬಿಗಿದವರು ಅವರೇ. ಈಗ ಒಳಗೆ ಬಂದವನನ್ನು ಕಂಡು ಕರುಬುತ್ತಿದ್ದವರೂ ಅವರೇ.

ಕರುಬದೆ ಇನ್ನೇನು ಮಾಡಿಯಾರು? ಆಟದ ಪುಟದಲ್ಲಿ ಬೆಕ್ಕಿನ ಪ್ರಶ್ನೆ ಕೇಳಿದ್ದು ತರಗತಿಗೆ ಬರುವ ಬಸ್ ಡ್ರೈವರ್. ಅದೇ ವಿಷಯವನ್ನು ಮೇಷ್ಟ್ರು ಹಿಂದಿನ ವಾರವಷ್ಟೇ ಪಾಠ ಮಾಡಿದ್ದರು. ಕೋಟು ತೊಟ್ಟು ನಿಂತು, ಪರದೆಯ ಮೇಲಿದ್ದುದನ್ನು ಒಂದಕ್ಷರ ಬಿಡದೆ ಓದಿ ಹೇಳಿದ್ದರು. ಡ್ರೈವರ್ ತಲೆಯಾಡಿಸಿದ್ದ, ನಿವೃತ್ತ ನರ್ಸಮ್ಮ ಆಕಳಿಸಿದ್ದರು. ಈಗ ನೋಡಿದರೆ ಇಬ್ಬರ ಬಾಯಲ್ಲೂ ಪಕ್ಕದಮನೆಯ ಜಪ. ಮೇಷ್ಟ್ರನ್ನು ಪ್ರಶ್ನೆ ಕೇಳುವವರೇ ಇಲ್ಲ.

ಇಂಥ ಮಾತು ನನಗೇಕೆ ಹೊಳೆಯಲಿಲ್ಲ ಎಂದು ಅವರು ಒಳಗೊಳಗೇ ಬೆಂದರು.

ಅನುಮಾನವೆಲ್ಲ ಗ್ರಂಥಾಲಯದ ಇನ್ನೊಂದು ಶಾಖೆಯಲ್ಲಿ ಕಲಿಸುವ ಗಡ್ಡದವನ ಮೇಲೆ. ಮುಂದಿನ ವರ್ಷಕ್ಕೆ ಒಬ್ಬರೇ ಮೇಷ್ಟ್ರು ಸಾಕು ಎಂಬ ಸುದ್ದಿ ಹಬ್ಬಿತ್ತು. ಮುಸುಕು ಹಾಕಿಕೊಂಡು ನನ್ನ ಕಾಲ ಬುಡಕ್ಕೇ ಬಿಸಿನೀರು ಬಿಡುತ್ತಿದ್ದಾನೆ, ಖದೀಮ ಎಂದುಕೊಂಡರು.

ಆ ಸಂಜೆ ಊಟಕ್ಕೆ ಕೂತಾಗ ಹೆಂಡತಿಯ ಮುಂದೆ ಎಲ್ಲವನ್ನೂ ಕಾರಿದರು. ಅವಳು ಫೋಟೊ ಸ್ಟುಡಿಯೊ ಒಂದರಲ್ಲಿ ಚಿತ್ರ ತಿದ್ದುವ ಕೆಲಸದವಳು. ಹಗಲೆಲ್ಲ ಬೇರೆಯವರ ಮುಖದ ಮೊಡವೆ ಅಳಿಸಿ ಬಂದು, ಸಂಜೆ ಗಂಡನ ಮಾತು ಕೇಳುವವಳು. ಮರುದಿನದ ಪಾಠವನ್ನು, ಕೋಡ್ ಸಮೇತ, ಮೇಷ್ಟ್ರು ಮೊದಲು ಅವಳ ಮುಂದೆಯೇ ಬಾಯಿಗೆ ಬಂದಂತೆ ಹೇಳಿ ನೋಡುತ್ತಿದ್ದರು. ಇವಳಿಗೆ ಅರ್ಥವಾದರೆ ಜಗತ್ತಿಗೇ ಅರ್ಥವಾದಂತೆ ಎಂಬುದು ಅವರ ಲೆಕ್ಕ. ಆಮೇಲೆ ಕೋಣೆಗೆ ಹೋಗಿ ಅದನ್ನೇ ಗಂಭೀರವಾಗಿ ತಯಾರು ಮಾಡುತ್ತಿದ್ದರು.

"ಅಷ್ಟು ಚೆನ್ನಾಗಿ ಹೇಳ್ತಾರಾ ಅವರು?" ಎಂದಳು.

"ಏನು ಚೆನ್ನ? ಚಿಲ್ಲರೆ ಮಾತು."

"ನನಗೇನೋ ಆ ಮಾತು ಇಷ್ಟ ಆಯ್ತು ರೀ."

ಅವಳ ಮುಖದಲ್ಲಿ ಒಂದು ನಗೆ ಸುಳಿಯಿತು. ಮೇಷ್ಟ್ರು ತಟ್ಟೆ ಸರಿಸಿದರು. ತರಗತಿ ಹೋಯಿತು, ಇನ್ನು ಮನೆಯವಳೂ ಅವನ ಕಡೆಯೇ? ಕೈ ತೊಳೆದು ಎದ್ದುಬಿಟ್ಟರು.

ಅದೇ ವಾರ ಪಕ್ಕದಮನೆ ಆಟಕ್ಕೊಂದು ಕೋಣೆ ಕಟ್ಟಿ ಕಳಿಸಿತು. ಕತ್ತಲ ಕೋಣೆ. ಆಡುವವರು ಓಡಿದರೆ, ಜಿಗಿದರೆ ಏನೂ ಕಾಣದು. ಒಂದು ಗಳಿಗೆ ಕದಲದೆ ನಿಂತರೆ ಮಾತ್ರ ಬೆಳಕು ಫಳ್ಳನೆ ಹೊಳೆದು ದಾರಿ ತೋರುತ್ತದೆ. ಮೇಷ್ಟ್ರು ಅದನ್ನು ಆಡಿದರು. ಮತ್ತೆ ಆಡಿದರು. ಎಷ್ಟು ಸೊಗಸಾಗಿತ್ತೆಂದರೆ ಮೈ ಪರಚಿಕೊಳ್ಳುವಂತಾಯಿತು. "ಗುಣಮಟ್ಟ ಸಾಲದು" ಎಂದು ಬರೆದು ತಿರಸ್ಕರಿಸಿದರು. ಸ್ವಲ್ಪ ತಿದ್ದಿ ಮತ್ತೆ ಬಂತು. ಮತ್ತೆ ತಿರಸ್ಕರಿಸಿದರು. ಪಕ್ಕದಮನೆ ಜಗಳಕ್ಕೆ ಬರಲಿಲ್ಲ. "ಆಗಲಿ, ಇನ್ನೂ ಕಲಿಯುತ್ತೇನೆ" ಎಂದಷ್ಟೇ ಬರೆಯಿತು. ಆ ವಿನಯ ಕಂಡು ಮೇಷ್ಟ್ರ ಪಿತ್ತ ಇನ್ನಷ್ಟು ಕೆರಳಿತು.

ಸೋಮವಾರ ಗ್ರಂಥಪಾಲಕಿ ಕರೆಸಿದರು. ಮಾತು ನಯವಾಗಿಯೇ ಇತ್ತು. ವಿದ್ಯಾರ್ಥಿಗಳೆಲ್ಲ ಪಕ್ಕದಮನೆಯೇ ಬಂದು ಕಲಿಸಲಿ ಎನ್ನುತ್ತಿದ್ದಾರಂತೆ. ಯಾರೆಂದು ನನಗೂ ತಿಳಿಯದು, ಆಟದ ಪುಟದಲ್ಲೇ ಸಂದೇಶ ಹಾಕಿ ಕರೆದಿದ್ದೇನೆ, ಇಂದು ಮಧ್ಯಾಹ್ನ ಬರುತ್ತಾರೆ ಎಂದರು. ಬೇಸರ ಮಾಡಿಕೊಳ್ಳಬೇಡಿ, ನೀವೂ ಇದ್ದರೆ ಒಳ್ಳೆಯದು ಎಂದೂ ಸೇರಿಸಿದರು.

ಈ ತರಗತಿ ಬಿಟ್ಟರೆ ಮೇಷ್ಟ್ರಿಗೆ ಬೇರೆ ಬದುಕಿರಲಿಲ್ಲ. ಆದರೂ ಗಡ್ಡದವನ ಮುಖಕ್ಕೆ ನಾಲ್ಕು ಮಾತು ಉಗಿದೇ ಹೋಗುವುದೆಂದು ಕುರ್ಚಿ ಎಳೆದು ಬಾಗಿಲಿಗೆ ಎದುರಾಗಿ ಕೂತರು.

ಬಾಗಿಲು ತೆರೆಯಿತು. ಬಂದವಳು ಅವರ ಹೆಂಡತಿ.

ಮೇಷ್ಟ್ರು ಮೊದಲು, ಮನೆಯಲ್ಲಿ ಏನೋ ಅನಾಹುತವಾಗಿದೆ ಎಂದುಕೊಂಡು ಗಾಬರಿಯಿಂದ ಎದ್ದರು. ಅವಳು ನೇರ ಗ್ರಂಥಪಾಲಕಿಯ ಮುಂದೆ ಹೋಗಿ, ಪಕ್ಕದಮನೆ ಎಂದು ಬರೆಯುವವಳು ನಾನೇ ಎಂದಳು. ಮೇಷ್ಟ್ರ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು. ಹೊರಗಿನವನಾಗಿದ್ದರೆ ಸಹಿಸಬಹುದಿತ್ತು; ಒಂದೇ ಸೂರಿನಡಿ, ತನ್ನೆದುರೇ ಕೂತು ಉಣ್ಣುವವಳು ತನಗಿಂತ ಒಳ್ಳೆಯ ಮೇಷ್ಟ್ರು!

ಗ್ರಂಥಪಾಲಕಿ ನೇಮಕದ ಮಾತೆತ್ತಿದರು. ಅವಳು ಬೇಡವೆಂದು ತಲೆಯಾಡಿಸಿದಳು.

"ಆ ಕತ್ತಲ ಕೋಣೆಯೊಂದು ಬಿಟ್ಟರೆ, ಉತ್ತರಗಳಲ್ಲಿ ಒಂದು ಮಾತೂ ನನ್ನದಲ್ಲ ಮೇಡಂ. ಊಟಕ್ಕೆ ಕೂತಾಗ ಇವರು ಹೇಳಿದ್ದನ್ನೇ ಬರೀತಿದ್ದೆ. ಬೈಕೊಳ್ತಾ ಇರೋದು ತಮ್ಮ ಮಾತನ್ನೇ ಅಂತ ಇವರಿಗೆ ಯಾವಾಗ ಗೊತ್ತಾಗುತ್ತೋ ಅಂತ ಕಾಯ್ತಾ ಇದ್ದೆ."