ಎರಡು ಬಂದೂಕು, ಎರಡು ಬೋಲ್ಟು

ನಿಹಾಲ್ ಬೇಸ್‌ಮೆಂಟಿನ ಬಾಗಿಲು ಎಳೆದುಕೊಂಡು ಒಳಗಿನಿಂದ ಲಾಕ್ ಮಾಡಿದ. ಕೆಳಗೆ ಮೇಜಿನ ಬಳಿ ನಿಂತಿದ್ದ ಚಂದ್ರಮೌಳಿಗೆ ಆ ಸದ್ದು ಕೇಳಿಸಿತು. ಕೇಳಿಸದವರಂತೆ ಕನ್ನಡಕ ಒರೆಸಿಕೊಂಡರು.

“ಆಂಟಿ ಮೇಲೇ ಇರ್ಲಿ ಅಂಕಲ್. ಇದು ನಮ್ಮಿಬ್ಬರ ಮ್ಯಾಟರ್.”

ಅಮೆರಿಕದಲ್ಲಿ ತಾನಿದ್ದ ರಾಚೆಸ್ಟರ್ ಹಿಲ್ಸ್‌ನಿಂದ ಚಂದ್ರಮೌಳಿಯ ಊರು ಹಾಫ್‌ಮನ್ ಎಸ್ಟೇಟ್ಸ್‌ಗೆ ಮುನ್ನೂರು ಮೈಲಿ. ಅಷ್ಟು ದೂರವನ್ನು ಅವನು ಒಂದು ಕಾಫಿಗೂ ನಿಲ್ಲಿಸದೆ ಡ್ರೈವ್ ಮಾಡಿಕೊಂಡು ಬಂದಿದ್ದ. ಕೈಯಲ್ಲೊಂದು ಉದ್ದನೆಯ ಚೀಲ. ಚೀಲದಲ್ಲಿ ತೀರಿಹೋದ ತಂದೆ, ಚಂದ್ರಮೌಳಿಯ ಗೆಳೆಯ ಮಾಧವನ ಬಂದೂಕು. ಫೋನಿನಲ್ಲಿ ಹೇಳಿದ್ದು ಇಷ್ಟೇ: “ಅಪ್ಪನ ಎನ್‌ಫೀಲ್ಡ್ ರೈಫಲ್‌ನ ನಿಮ್ಮದರ ಪಕ್ಕ ಇಟ್ಟು ಕಂಪೇರ್ ಮಾಡ್ಬೇಕು.”

ಚಂದ್ರಮೌಳಿಗೆ ಎಪ್ಪತ್ತು. ಗೋಡೆಯುದ್ದಕ್ಕೂ ಹಳೆಯ ಸೈನ್ಯದ ಬಂದೂಕುಗಳು: ಜರ್ಮನಿಯದು, ರಷ್ಯಾದ್ದು, ಅಮೆರಿಕದ್ದು. ಹೆಂಡತಿ ರೇಣು ತಮ್ಮ ರೇಷ್ಮೆ ಸೀರೆಗಳನ್ನೂ ಇಷ್ಟು ಜೋಪಾನ ಮಾಡಿದವರಲ್ಲ. ಒಂದೊಂದಕ್ಕೂ ಚಂದ್ರಮೌಳಿಯ ಬಳಿ ಅರ್ಧ ಗಂಟೆಯ ಕಥೆಯಿತ್ತು, ಬಂದವರು ತಪ್ಪಿಸಿಕೊಳ್ಳುವಂತಿರಲಿಲ್ಲ. ತಮ್ಮ ಎನ್‌ಫೀಲ್ಡ್ ಬಗ್ಗೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಕೇಳಿದವರಿಗೆ ಅದನ್ನು ಮಾರಿಬಿಟ್ಟೆ ಎಂದಷ್ಟೇ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು.

ಸಿಕ್ಕಿಬಿದ್ದದ್ದು ರೇಣುವಿನಿಂದ. ಈ ಸಲದ ಆಯುಧಪೂಜೆಯಲ್ಲಿ ಆಕೆ ಬೀರುವಿನೊಳಗಿದ್ದ ಬಂದೂಕಿಗೂ ಕುಂಕುಮವಿಟ್ಟು, ಚೆಂಡುಹೂ ಏರಿಸಿ, ಫೋಟೊ ತೆಗೆದು ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟರು. ಮಾರಿದ ಬಂದೂಕು ಹೂ ಮುಡಿದು ನಿಂತಿತ್ತು. ಅವತ್ತು ಗಂಡ ಊಟ ಮಾಡಲಿಲ್ಲ. ಫೋಟೊ ಅಳಿಸಿದರೇನು ಬಂತು, ನೋಡಬೇಕಾದವನು ನೋಡಿಯಾಗಿತ್ತು.

“ತೆಗೀರಿ ಅಂಕಲ್.”

ಚಂದ್ರಮೌಳಿ ಬೀರುವಿನ ಬೀಗ ತೆರೆದರು. ಎರಡು ಎನ್‌ಫೀಲ್ಡ್‌ಗಳು ಅಕ್ಕಪಕ್ಕ ಮಲಗಿದವು. ಒಂದೇ ಕಾರ್ಖಾನೆಯವು, ಒಂದೇ ವರ್ಷದವು. ಗೆಳೆಯರಿಬ್ಬರೂ ಒಂದೇ ದಿನ ಕೊಂಡಂಥವು.

ನಿಹಾಲ್ ಎರಡರ ಬೋಲ್ಟನ್ನೂ ಹೊರಗೆಳೆದ. ಗುಂಡು ಹಾರುವಾಗ ತೋಟಾದ ಬೆನ್ನಿಗೆ ಬಾಗಿಲಿನ ಹಾಗೆ ಒತ್ತಿ ನಿಲ್ಲುವ ಉಕ್ಕಿನ ತುಂಡು ಅದು. ಪ್ರತಿ ಬಂದೂಕಿಗೂ ಅದರದೇ ಬೋಲ್ಟನ್ನು ಉಜ್ಜಿ ಕೂರಿಸಿ, ಎರಡರ ಮೇಲೂ ಒಂದೇ ನಂಬರ್ ಕೊರೆದಿರುತ್ತಾರೆ. ಬೇರೆಯದರದ್ದು ಹಾಕಿದರೂ ಕೂರುತ್ತದೆ. ಆದರೆ ಕೂದಲೆಳೆಯಷ್ಟು ಸಂದು ಉಳಿದು, ತೋಟಾ ಒಡೆದು ಹಿಂದಕ್ಕೆ ಸಿಡಿಯಬಹುದು.

“ಅಪ್ಪನ ರೈಫಲ್ ಮೇಲೆ 417. ಅದರ ಬೋಲ್ಟ್ ಮೇಲೆ 882. ನಿಮ್ಮದು ನೀವೇ ಓದಿ.”

ಓದುವ ಅಗತ್ಯವಿರಲಿಲ್ಲ. ಬಂದೂಕು 882, ಬೋಲ್ಟು 417. ಇಪ್ಪತ್ತು ವರ್ಷದಿಂದ ಅವರಿಗದು ಗೊತ್ತಿತ್ತು.

“ಹಳೇ ತೋಟಾ, ಬ್ಯಾಡ್ ಲಕ್ ಅಂದ್ರು ಎಲ್ರೂ. ಅಪ್ಪ ಶೂಟಿಂಗ್ ರೇಂಜ್‌ನಲ್ಲಿ ಟ್ರಿಗರ್ ಒತ್ತಿದ್ರು, ಅದು ಹಿಂದಕ್ಕೆ ಸಿಡೀತು, ಕಣ್ಣೊಳಗೆ. ಅಲ್ಲೇ ಹೋಗ್ಬಿಟ್ರು. ನನಗಾಗ ಏಳು ವರ್ಷ.”

“ಅದರ ಹಿಂದಿನ ವಾರ ಆಯುಧಪೂಜೆ ನಿಮ್ಮನೆ ಬೇಸ್‌ಮೆಂಟಲ್ಲೇ ಆಗಿದ್ದು,” ಚಂದ್ರಮೌಳಿ ತಡೆದು ತಡೆದು ಕೇಳಿದರು. “ಏನಾದ್ರೂ ನೆನಪಿದೆಯೇನಪ್ಪ ನಿಂಗೆ?”

ಆ ದನಿಯಲ್ಲಿ ಭಯವಿತ್ತು. ಸಾಕ್ಷಿ ಉಳಿದಿದೆಯೇ ಎಂದು ಕೆದಕುತ್ತಿದ್ದಾನೆ ಮುದುಕ, ಎಂದುಕೊಂಡ ನಿಹಾಲ್.

“ಬೆರಳಿಗೆಲ್ಲ ಕುಂಕುಮ ಆಗಿತ್ತು, ಅಮ್ಮ ಬೈದ್ರು. ಅಷ್ಟೇ ನೆನಪು. ಎರಡೂ ಬಿಚ್ಚಿ ಬಾಳೆ ಎಲೆ ಮೇಲಿಟ್ಟು ಪೂಜೆ ಮಾಡಿದ್ರಂತೆ. ಆಮೇಲೆ ಯಾರೋ ಜೋಡಿಸಿದಾರೆ. ಅಪ್ಪ ಜೋಡಿಸಿದ್ರೆ ನಂಬರ್ ನೋಡದೆ ಬಿಡ್ತಿರ್ಲಿಲ್ಲ.”

ಚಂದ್ರಮೌಳಿ ದೀರ್ಘವಾಗಿ ಉಸಿರುಬಿಟ್ಟರು. ಬದುಕಿದೆ ಎನ್ನುವಂತೆ. ಅದನ್ನು ನೋಡಿ ನಿಹಾಲನ ಮೈ ಉರಿಯಿತು. ಜೇಬಿನಿಂದ ಒಂದು ತೋಟಾ ತೆಗೆದು ತಂದೆಯ ಬಂದೂಕಿಗೆ ತುಂಬಿ, ಅದೇ ತಪ್ಪು ಬೋಲ್ಟನ್ನು ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ಮುಂದೆ ಚಾಚಿದ.

“ಜೋಡಿಸಿದ್ದು ಯಾರು, ಹೇಳಿ. ಇಲ್ಲಾಂದ್ರೆ ಇದನ್ನ ಕೆನ್ನೆಗೆ ಇಟ್ಕೊಂಡು ಟ್ರಿಗರ್ ಒತ್ತಿ. ಅಪ್ಪ ಒತ್ತಿದ ಹಾಗೆ.”

ಮೇಲಿನಿಂದ ರೇಣು ಬಾಗಿಲು ಬಡಿದರು. “ರೀ, ಯಾಕ್ರೀ ಲಾಕ್ ಮಾಡ್ಕೊಂಡಿದ್ದೀರಿ?”

ಚಂದ್ರಮೌಳಿಯ ಕೈ ನಿಜಕ್ಕೂ ಬಂದೂಕಿನತ್ತ ಹೋಯಿತು. ಮರದ ಹಿಡಿಯನ್ನು ಮುಟ್ಟಿತು ಕೂಡ. ನಿಹಾಲ್ ಬೆಚ್ಚಿದ. ಇದನ್ನವನು ನಿರೀಕ್ಷಿಸಿರಲಿಲ್ಲ. ರೇಣು ಮತ್ತೆ ಬಡಿದರು, ಈ ಸಲ ಅಳುತ್ತ. ಕೈ ಕೆಳಗಿಳಿಯಿತು.

“ನಾನೇ,” ಎಂದರು ಚಂದ್ರಮೌಳಿ. “ನಾನೇ ಕಣಪ್ಪ ಜೋಡಿಸಿದ್ದು. ನಂಬರ್ ನೋಡ್ಲಿಲ್ಲ.”

ಎರಡು ವರ್ಷದಿಂದ ಊರೂರಿನ ಬಂದೂಕು ಮಾರುವ ಗನ್ ಶೋಗಳಲ್ಲಿ 882 ನಂಬರಿನ ಬಂದೂಕು ಹುಡುಕಿಕೊಂಡು ಅಲೆದವನು ಈ ಒಂದು ಮಾತಿಗಾಗಿಯೇ ಕಾದಿದ್ದ. ಕೇಳಿದ ಮೇಲೆ ಸಿಟ್ಟಿಗಿಂತ ಮುಂಚೆ ಅಳು ಬಂತು. ತೋಟಾ ಹೊರತೆಗೆದ. ತಂದೆಯ ಬಂದೂಕನ್ನು ಚೀಲಕ್ಕೆ ಹಾಕಿಕೊಂಡ.

“ಅದಕ್ಕೇ ನೀವು ಆಮೇಲೆ ಒಂದು ಸಲಾನೂ ನಮ್ಮನೆಗೆ ಬರ್ಲಿಲ್ಲ. ಅಮ್ಮಂಗೆ ಹೇಳ್ತೀನಿ. ಕೂಟದಲ್ಲಿ ಎಲ್ರಿಗೂ ಹೇಳ್ತೀನಿ.”

“ಹೇಳಪ್ಪ. ಎಲ್ರಿಗೂ ಹೇಳು.”

ಅವನ ಕಾರು ಬಡಾವಣೆ ದಾಟುವವರೆಗೂ ರೇಣು ಕಿಟಕಿಯ ಬಳಿ ನಿಂತಿದ್ದರು. ಆಮೇಲೆ ಗಂಡನತ್ತ ತಿರುಗಿದರು. ಬಾಗಿಲ ಹಿಂದಿನಿಂದ ಅವರಿಗೆ ಎಲ್ಲ ಕೇಳಿಸಿತ್ತು.

“ಯಾಕ್ರೀ ಸುಳ್ಳು ಹೇಳಿದ್ರಿ? ಅವತ್ತು ಪೂಜೆ ಮುಗಿದ ಮೇಲೆ ನೀವು ಮೇಲೆ ನನ್ನ ಜೊತೆ ಬಡಿಸ್ತಾ ಇದ್ರಿ. ಮಾಧವ ಊಟಕ್ಕೆ ಕೂತಿದ್ರು. ಕೆಳಗೆ ಯಾರೂ ಇರ್ಲಿಲ್ಲ.”

“ಇದ್ದ ಕಣೇ. ‘ನೋಡಿ ಅಂಕಲ್, ಎರಡನ್ನೂ ನಾನೊಬ್ಬನೇ ಜೋಡಿಸಿದೆ’ ಅಂತ ನಿಹಾಲ್ ಓಡಿಬಂದು ನನ್ನ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದ.”